ನಾಲ್ಕನೇ ಹಾಡು ಕೇಳದ ಅಕ್ಕ

ಬೆಳಗಿನ ಜಾವ ಐದೂಕಾಲು. ಮೈದಾನದ ಹುಲ್ಲು ಇನ್ನೂ ಒದ್ದೆಯಾಗಿದೆ. ವೇದಿಕೆಯ ಮೇಲೆ ಒಬ್ಬಾತ ಮೈಕಿಗೆ "ಹಲೋ, ಒಂದು, ಎರಡು" ಎಂದು ಎಣಿಕೆ ಕಲಿಸುತ್ತಿದ್ದಾನೆ. ಕೆಳಗೆ, ವೇದಿಕೆಗೂ ಕಬ್ಬಿಣದ ಬೇಲಿಗೂ ನಡುವೆ ಒಂದು ಓಣಿ. ಇಬ್ಬರು ಎದುರಾದರೆ ಒಬ್ಬರು ಮೈ ತಿರುಗಿಸಿ ನಿಲ್ಲಬೇಕು, ಅಷ್ಟು ಕಿರಿದು. ಆ ಓಣಿಯಲ್ಲಿ ಐವತ್ತೊಂದರ ಹೆಂಗಸೊಬ್ಬರು ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು, ಕೂತು ನೋಡುತ್ತಾರೆ, ಎದ್ದು ನೋಡುತ್ತಾರೆ, ಮತ್ತೆ ಕೂರುತ್ತಾರೆ. ಕೊರಳಲ್ಲಿ ಎರಡು ಕ್ಯಾಮೆರಾ. ಕಿವಿಯಲ್ಲಿ ಹತ್ತಿ. ಮುಖದಲ್ಲಿ ಸಿಡುಕು.

ಸಿಡುಕಿಗೆ ಕಾರಣ ವೇದಿಕೆಯ ಹಿಂದಿನ ಪರದೆ. ಇವತ್ತಿನ ಸಂಗೀತವನ್ನು ಏರ್ಪಡಿಸಿರುವುದು ಒಂದು ಹಾಸಿಗೆ ಕಂಪನಿ. ಚೆನ್ನಾಗಿ ಮಲಗಿದವರು ಬೇಗ ಏಳುತ್ತಾರೆ ಎಂದು ಸಾರುವುದಕ್ಕೆ ಇಡೀ ಊರನ್ನು ಆರು ಗಂಟೆಗೆ ಎಬ್ಬಿಸುತ್ತಿದೆ. ಪರದೆಯೂ ಹಾಸಿಗೆಗೆ ಒಪ್ಪಬೇಕೆಂದು ಫ್ಲೆಕ್ಸ್ ಬಿಟ್ಟು ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಸಿ, ಅದರ ಮೇಲೆ ಕಂಪನಿಯ ಹೆಸರನ್ನು ಆಳೆತ್ತರದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.

"ಬೆಡ್‌ಶೀಟ್ ಒಣಗಹಾಕಿದ ಹಾಗಿದೆ," ಎನ್ನುತ್ತಾರೆ ಅವರು. "ಹಿಂದೆ ಇಷ್ಟು ಬಿಳೀದಿದ್ರೆ ಮುಂದೆ ನಿಂತೋರ ಮುಖ ಕಪ್ಪಾಗುತ್ತೆ. ಆಮೇಲೆ ನನ್ನ ಬೈತಾರೆ."

ಈ ಕಸುಬಿನವರೆಲ್ಲ ಇವರನ್ನು ಕರೆಯುವುದು ಮೂರುಹಾಡಿನಕ್ಕ ಎಂದು. ಅದರ ಹಿಂದೆ ಒಂದು ಕಟ್ಟಳೆ ಇದೆ. ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಫೋಟೋ ತೆಗೆಯುವವರು ಓಣಿಯಲ್ಲಿ ನಿಲ್ಲಬಹುದಾದದ್ದು ಮೊದಲ ಮೂರು ಹಾಡು ಮಾತ್ರ. ಅಷ್ಟು ಹೊತ್ತಿಗೆ ಹಾಡುವವರ ಮುಖ ಬೆವರುತ್ತದೆ, ಬಳಿದ ಬಣ್ಣ ಕರಗುತ್ತದೆ, ಹಿಂದೆ ಕೂತ ಜನಕ್ಕೂ ಇವರ ಬೆನ್ನು ನೋಡಿ ಸಾಕಾಗಿರುತ್ತದೆ. ಮೂರನೆಯದು ಮುಗಿದ ಕೂಡಲೇ ಹೊರಗೆ. ಅಕ್ಕ ಇಪ್ಪತ್ತಮೂರು ವರ್ಷದಿಂದ ಈ ಕಟ್ಟಳೆಯನ್ನು ಪಾಲಿಸುವುದಷ್ಟೇ ಅಲ್ಲ, ಕಾವಲೂ ಕಾಯುತ್ತಾರೆ. ಯಾರಾದರೂ ಇನ್ನೊಂದು, ಇನ್ನೊಂದೇ ಎಂದು ಹಿಂದೆ ಉಳಿದರೆ ಅವರ ಚೀಲದ ಪಟ್ಟಿ ಹಿಡಿದು ಎಳೆಯುತ್ತಾರೆ.

"ಒಬ್ಬ ನಿಂತ್ರೆ ನಾಳೆ ಎಲ್ರಿಗೂ ಬಾಗಿಲು ಹಾಕ್ತಾರೆ. ನಮ್ಮ ಅನ್ನಕ್ಕೆ ನಾವೇ ಮಣ್ಣು ಹಾಕ್ಕೊಂಡ ಹಾಗೆ."

ಹೀಗೆ ಎಳೆಸಿಕೊಂಡವರಲ್ಲಿ ಸ್ಟೂಲಣ್ಣನೂ ಒಬ್ಬ. ನಲವತ್ತು ದಾಟಿದ, ಗಿಡ್ಡನೆಯ ಫೋಟೋಗ್ರಾಫರ್. ಎಲ್ಲಿ ಹೋದರೂ ಜೊತೆಗೊಂದು ಪ್ಲಾಸ್ಟಿಕ್ ಸ್ಟೂಲು. "ಸ್ಟೂಲ್ ಸಮೇತ ಎಳ್ಕೊಂಡು ಬಂದ್ರು ಕಣ್ರಿ," ಎಂದು ಅವನೇ ಹೇಳಿಕೊಂಡು ನಗುತ್ತಾನೆ.

ಅಕ್ಕ ಶುರು ಮಾಡಿದ್ದು ಒಂದು ಸಣ್ಣ ಸ್ಟುಡಿಯೋದಲ್ಲಿ, ಪಾಸ್‌ಪೋರ್ಟ್ ಫೋಟೋಗಳ ಅಂಚು ಕತ್ತರಿಸುತ್ತ. ಹೊರಗಿನ ಕೆಲಸಕ್ಕೆ ಅವರನ್ನು ಮೊದಲು ಕಳಿಸಿದ್ದು ಒಂದು ಸೋಪಿನ ಜಾಹೀರಾತು ಸಮಾರಂಭಕ್ಕೆ. ಅಲ್ಲಿ ಹಾಡಿದ ಹುಡುಗಿಯ ಮುಖ ಎಷ್ಟು ಕಳೆಯಾಗಿತ್ತೆಂದರೆ, ಮೂರು ಹಾಡೂ ಅಕ್ಕ ಬೇರೆಲ್ಲೂ ನೋಡಲೇ ಇಲ್ಲ. ಒಂದೊಂದು ಚಿತ್ರವೂ ಚಿನ್ನ. ಆದರೆ ಒಂದರಲ್ಲೂ ಸೋಪಿನ ಹೆಸರಿಲ್ಲ! ಕಂಪನಿಯವರು ಅಷ್ಟನ್ನೂ ವಾಪಸು ಕಳಿಸಿದರು. ಅವತ್ತಿನಿಂದ ಅಕ್ಕ ತಮಗೆ ತಾವೇ ಕೇಳಿಕೊಳ್ಳುವ ಮಾತು, "ಬೋರ್ಡ್ ಬಿತ್ತಾ?" ಅಂದರೆ, ಕಂಪನಿಯ ಹೆಸರು ಚಿತ್ರದೊಳಗೆ ಬಂತೇ ಎಂದು. ಮೊದಲು ಬೋರ್ಡು, ಆಮೇಲೆ ಮುಖ.

ಮುಖ ಹಿಡಿಯುವುದಕ್ಕೆ ಅವರದೇ ಲೆಕ್ಕಾಚಾರವಿದೆ. ಅಂಗಡಿಯ ರಿಬ್ಬನ್ ಕತ್ತರಿಸುವವರಿಗೆ "ಒಂದು, ಎರಡು, ಮೂರು" ಎನ್ನುತ್ತಾರೆ. ಆದರೆ ಗುಂಡಿ ಒತ್ತುವುದು ಎರಡಕ್ಕೇ. "ಮೂರಕ್ಕೆ ಎಲ್ರೂ ಕಲ್ಲಾಗ್ತಾರೆ." ಹಾಡುವವರದು ಬೇರೆ. ಸ್ವರ ಎತ್ತಿದಾಗ ತೆಗೆದರೆ ಹಲ್ಲು ನೋಯುತ್ತಿರುವವರಂತೆ ಕಾಣುತ್ತಾರೆ. ಒಂದು ಸಾಲು ಮುಗಿದು, ಉಸಿರೆಳೆದುಕೊಂಡು ಇನ್ನೊಂದು ಸಾಲಿಗೆ ಹೋಗುವ ಮುಂಚಿನ ಗಳಿಗೆ ಬೇಕು. ಅದಕ್ಕೇ ಅಕ್ಕ ಮೂರು ಹಾಡನ್ನೂ ತುಟಿಯೊಳಗೇ ಗುನುಗುತ್ತ, ಅವರ ಜೊತೆಗೇ ಉಸಿರೆಳೆಯುತ್ತಾರೆ. ಹದಿನೈದೇ ನಿಮಿಷ. ಅಷ್ಟರಲ್ಲಿ ನಾನೂರು ಚಿತ್ರ. ಆಮೇಲೆ ವೇದಿಕೆಯ ಹಿಂದಿನ ಶಾಮಿಯಾನಕ್ಕೆ ಓಡಬೇಕು. ನಾನೂರರಲ್ಲಿ ಮೂವತ್ತು ಆರಿಸಿ, ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ಕಂಪನಿಗೆ ಕಳಿಸಬೇಕು. ಹೆಗಲ ಚೀಲ ಏಳು ಕಿಲೋ. ಮೊಣಕಾಲು ಸವೆದಿವೆ. ಬಲಗಿವಿ ಸ್ವಲ್ಪ ಮಂದ, ಸ್ಪೀಕರಿನ ಕಡೆಯದು.

ಇಷ್ಟೆಲ್ಲ ಸಂಗೀತದ ನಡುವೆ ಬದುಕಿದರೂ ಮನೆಯಲ್ಲಿ ಅವರ ಅತ್ತೆ ಕೇಳುವ ಒಂದೇ ಪ್ರಶ್ನೆಗೆ ಉತ್ತರವಿಲ್ಲ. ಎಂಬತ್ತೆರಡು ವರ್ಷದ, ಹಾಡೆಂದರೆ ಜೀವ ಬಿಡುವ ಮುದುಕಿ ದಿನವೂ ಬಾಗಿಲಲ್ಲೇ ಹಿಡಿಯುತ್ತಾರೆ:

"ನಾಲ್ಕನೇದು ಯಾವ ಹಾಡು ಹೇಳಿದ್ರೇ?"

"ಗೊತ್ತಿಲ್ಲ ಅತ್ತೆ."

"ಇನ್ನೆಂಥದಕ್ಕೆ ಹೋಗ್ತೀಯ ನೀನು! ಊಟಕ್ಕೆ ಹೋಗಿ ಎಲೆ ನೋಡಿ ಬಂದ ಹಾಗೆ."

ಆ ಮುದುಕಿಯ ಮಗ, ಅಂದರೆ ಅಕ್ಕನ ಯಜಮಾನರು, ಎದೆಗೆ ತೂಗುಹಾಕಿಕೊಂಡು ತಿದಿ ಎಳೆಯುವ ಅಕಾರ್ಡಿಯನ್ ನುಡಿಸುವವರು. ಒಬ್ಬ ಹೆಸರುವಾಸಿ ಗಾಯಕಿಯ ಹಿಂದೆ, ಎರಡನೇ ಸಾಲಿನಲ್ಲಿ, ಇಪ್ಪತ್ತನಾಲ್ಕು ವರ್ಷದಿಂದ ಕೂತಿದ್ದಾರೆ. ತಿಂಗಳಿಗೆ ಒಂದೆರಡು ಸಲ ಗಂಡ ವೇದಿಕೆಯ ಮೇಲೆ, ಹೆಂಡತಿ ಕೆಳಗೆ. ಆದರೆ ಬೋರ್ಡು ಬೀಳುವ ಜಾಗದಲ್ಲಿ ನಿಂತರೆ ಗಾಯಕಿಯ ಭುಜ ಅಡ್ಡ. ಬಲಗಡೆಗೆ ಹೋದರೆ ಆಳೆತ್ತರದ ಸ್ಪೀಕರು.

"ಅವರ ಎಡಗೈದು ಸಾವಿರ ಫೋಟೋ ಇದೆ ನನ್ನ ಹತ್ರ. ಆ ತಿದಿ ಎಳೆಯೋ ಕೈ. ನುಡಿಸೋವಾಗಿನ ಮುಖದ್ದು ಒಂದೂ ಇಲ್ಲ. ಮನೇಲಿ ನುಡಿಸಿ ಅಂದ್ರೆ ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂರ್ತಾರೆ."

ಅತ್ತೆಗೂ ಅದೇ ಕೊರಗು. ಊರಲ್ಲಿರೋರ ಮುಖವನ್ನೆಲ್ಲ ತೆಗೀತೀಯ, ನನ್ನ ಮಗಂದು ಮಾತ್ರ ಇಲ್ಲ ಎಂದು.

ಈಗ ಹೊತ್ತು ಮೀರುತ್ತಿದೆ. ಹನ್ನೊಂದು ಕಿಲೋ ಅಕಾರ್ಡಿಯನ್ ಹೊತ್ತು ಯಜಮಾನರ ಹೆಗಲಿನ ನರ ಹಿಡಿದುಕೊಂಡಿದೆ. ಇನ್ನು ಇದನ್ನು ಮೈಮೇಲೆ ಹಾಕಲೇಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಇವತ್ತಿನದೇ ಕೊನೆಯ ಕಾರ್ಯಕ್ರಮ. ಅದಕ್ಕೆಂದೇ ಗಾಯಕಿ, ತಾವು ಪಕ್ಕಕ್ಕೆ ಸರಿದು, ಒಂದು ಹಾಡನ್ನು ಇವರೊಬ್ಬರೇ ನುಡಿಸಲಿ ಎಂದಿದ್ದಾರೆ. ಎಷ್ಟನೆಯದು? ಐದನೆಯದು.

ಆರು ಗಂಟೆಗೆ ಹತ್ತು ನಿಮಿಷವಿರುವಾಗ ಯಜಮಾನರು ವೇದಿಕೆಯ ಅಂಚಿಗೆ ಬಂದು ಬಗ್ಗುತ್ತಾರೆ.

"ಏನೇ, ಮೂರನೇದು ಮಾಡ್ಸಲಾ? ಅವರೇನೂ ಬೇಡ ಅನ್ನಲ್ಲ."

"ಬೇಡ ಅಂದ್ರೆ ಬೇಡ. ಮೂರನೇ ಹಾಡಿಗೆ ಜನ ಇನ್ನೂ ಕುರ್ಚಿ ಹುಡುಕ್ತಾ ಇರ್ತಾರೆ. ಐದನೇದಕ್ಕೆ ಕಿವಿ ಕೊಟ್ಟು ಕೂತಿರ್ತಾರೆ. ನೀವು ಚೆನ್ನಾಗಿ ನುಡಿಸ್ರೀ, ಸಾಕು."

"ಮತ್ತೆ ಫೋಟೋ?"

"ಕಾಲರ್ ಸರಿ ಮಾಡ್ಕೊಳಿ. ಒಂದು ಕಡೆ ಮಡಚಿದೆ."

ಕಾರ್ಯಕ್ರಮದ ಮ್ಯಾನೇಜರನ್ನು ಒಂದು ಮಾತು ಕೇಳಿದ್ದರೆ ಇವತ್ತೊಂದು ದಿನ ಅಕ್ಕನನ್ನು ನಿಲ್ಲಲು ಬಿಡುತ್ತಿರಲಿಲ್ಲವೇ? "ಬಿಡ್ತಿದ್ರು," ಎನ್ನುತ್ತಾರೆ ಅಕ್ಕ. "ಅದಕ್ಕೇ ಕೇಳ್ಲಿಲ್ಲ."

ಹಾಡು ಶುರುವಾಗುತ್ತದೆ. ಒಂದು, ಎರಡು. ಅಕ್ಕ ಉಸಿರೆಳೆದಲ್ಲೆಲ್ಲ ಕ್ಯಾಮೆರಾ ಟಪ್ಪೆನ್ನುತ್ತದೆ. ಗಾಯಕಿಯ ಭುಜದ ಆಚೆ ಎಡಗೈ ತಿದಿಯನ್ನು ಎಳೆಯುತ್ತದೆ, ಒತ್ತುತ್ತದೆ. ಮೂರನೆಯದೂ ಮುಗಿಯುತ್ತದೆ. ಓಣಿಯಲ್ಲಿದ್ದವರು ಚೀಲ ಎತ್ತಿಕೊಳ್ಳುತ್ತಾರೆ. ಸ್ಟೂಲಣ್ಣ ಅಕ್ಕನ ಕಿವಿಯ ಹತ್ತಿರ ಬಗ್ಗುತ್ತಾನೆ.

"ಅಕ್ಕಾ, ನೀವಿರಿ. ನನ್ನ ಸ್ಟೂಲ್ ಹಿಂದೆ ಕೂತ್ಕೊಳಿ. ನಾವ್ಯಾರೂ ನೋಡೇ ಇಲ್ಲ."

"ಅವತ್ತು ನಿನ್ನ ಎಳೆದ್ನಲ್ಲೋ, ಮರ್ತೋಯ್ತಾ?"

"ಮರೀತೀನಾ! ಅಂಗಿ ಗುಂಡಿ ಕಿತ್ತಿತ್ತು."

"ಹಂಗಾದ್ರೆ ನಡಿ. ಮೂರಾಯ್ತು."

ಹೇಳಿ ಅಕ್ಕ ತಾವೇ ಮೊದಲು ಹೊರಡುತ್ತಾರೆ. ತಿರುಗಿ ನೋಡುವುದಿಲ್ಲ. ತಿರುಗಿದರೆ ಕಾಲು ಬರುತ್ತಿರಲಿಲ್ಲ ಎಂದು ಆಮೇಲೆ ಒಪ್ಪಿಕೊಳ್ಳುತ್ತಾರೆ.

ಶಾಮಿಯಾನದಲ್ಲಿ ಒಂದು ಮರದ ಮೇಜು, ಕಾಲು ಕುಂಟುವ ಕುರ್ಚಿ, ಲ್ಯಾಪ್‌ಟಾಪು. ಎದುರಿಗೆ ವೇದಿಕೆಯ ಬಿಳಿ ಪರದೆಯ ಬೆನ್ನು. ನಾಲ್ಕನೇ ಹಾಡು ನಡೆಯುತ್ತಿದೆ. ಅಕ್ಕನಿಗೆ ಅದು ಬರೀ ಸದ್ದು. ಕಣ್ಣು ಮುಚ್ಚಿದವರನ್ನು ತೆಗೆ, ಬೋರ್ಡು ಬಿದ್ದದ್ದನ್ನು ಇಡು. ಮೂವತ್ತನೆಯ ಚಿತ್ರ ಹೋಗುವ ಹೊತ್ತಿಗೆ ಹೊರಗೆ ಚಪ್ಪಾಳೆ. ಗಾಯಕಿ ಎರಡು ಮಾತು ಆಡುತ್ತಾರೆ. ಮತ್ತೆ ನಿಶ್ಶಬ್ದ. ಆ ನಿಶ್ಶಬ್ದದೊಳಗೆ ತಿದಿ ಉಸಿರೆಳೆದುಕೊಳ್ಳುತ್ತದೆ. ಅಕ್ಕನಿಗೆ ಆ ಉಸಿರು ಗೊತ್ತು. ಕಿವಿಯ ಹತ್ತಿಯನ್ನು ತೆಗೆದು ಮೇಜಿನ ಮೇಲಿಟ್ಟು ತಲೆ ಎತ್ತುತ್ತಾರೆ.

ಅದೇ ಹೊತ್ತಿಗೆ ಸೂರ್ಯ ಮೈದಾನದ ಆಚೆಯ ಕಟ್ಟಡದ ಮಾಳಿಗೆ ದಾಟಿ ಮೇಲೆ ಬಂದಿದ್ದಾನೆ. ಎಳೆ ಬಿಸಿಲು ಜನರ ತಲೆಯ ಮೇಲಿಂದ ಹಾದು, ವೇದಿಕೆಯ ಚಾವಣಿಯ ಕೆಳಗೆ ನುಗ್ಗಿ, ನೇರ ಪರದೆಗೆ ಬಡಿದಿದೆ. ಬೆಳಗಿನಿಂದ ಅಕ್ಕ ಬೈಯುತ್ತಿದ್ದ ಆ ತೆಳ್ಳನೆಯ ಬಿಳಿ ಬಟ್ಟೆಯ ಮೇಲೆ ಒಂದು ನೆರಳು. ಗಾಯಕಿ ಪಕ್ಕಕ್ಕೆ ಸರಿದಿದ್ದಾರಲ್ಲ, ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಯಾರ ಭುಜವೂ ಅಡ್ಡವಿಲ್ಲ. ತಿದಿ ಪೂರ್ತಿ ತೆರೆದುಕೊಂಡಿದೆ. ತಲೆ ಒಂದು ಪಕ್ಕಕ್ಕೆ ತಿರುಗಿ, ಏನನ್ನೋ ಆಲಿಸುತ್ತಿರುವಂತಿದೆ. ಹಣೆ, ಮೂಗು, ತುಟಿ, ಗದ್ದ, ಎಲ್ಲ ಕತ್ತರಿಯಲ್ಲಿ ಕತ್ತರಿಸಿಟ್ಟ ಹಾಗೆ.

ಸಾಲು ಮುಗಿಯುವವರೆಗೆ ಅಕ್ಕ ಕಾಯುತ್ತಾರೆ. ಯಜಮಾನರು ಉಸಿರೆಳೆಯುತ್ತಾರೆ. ಅಕ್ಕನೂ ಎಳೆಯುತ್ತಾರೆ. ಟಪ್.

ಒಂದೇ ಒಂದು. ಎರಡನೆಯದಕ್ಕೆ ಹೋಗುವುದಿಲ್ಲ. ಕ್ಯಾಮೆರಾ ಕೆಳಗಿಟ್ಟು, ಕುಂಟು ಕುರ್ಚಿಯ ಮೇಲೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು ಹಾಡು ಮುಗಿಯುವವರೆಗೂ ಕೇಳುತ್ತಾರೆ.

ಸ್ಟೂಲಣ್ಣ ಬಂದು ಕ್ಯಾಮೆರಾದ ಬೆನ್ನಿನಲ್ಲಿ ಕಾಣುವ ಆ ಪುಟ್ಟ ಚಿತ್ರವನ್ನು ಬಗ್ಗಿ ನೋಡುತ್ತಾನೆ. "ಇದನ್ನೂ ಕಂಪನಿಗೆ ಕಳಿಸಿ ಅಕ್ಕಾ. ಬೋರ್ಡ್ ಬಿದ್ದಿದೆಯಲ್ಲ!" ಬಿದ್ದಿರುವುದು ನಿಜ, ಆದರೆ ಪರದೆಯ ಹಿಂದಿನಿಂದ ತೆಗೆದದ್ದಲ್ಲವೇ, ಅಕ್ಷರಗಳೆಲ್ಲ ತಿರುಗಾಮುರುಗ. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ಅವನ ತಲೆಗೆ ಮೊಟಕುತ್ತಾರೆ.

ಒಂಬತ್ತು ಗಂಟೆ. ಮನೆಯಲ್ಲಿ ಯಜಮಾನರು ಹೆಗಲಿಗೆ ಬಿಸಿನೀರಿನ ಬಟ್ಟೆ ಹಾಕಿಕೊಂಡು ಗೋಡೆಗೆ ಒರಗಿದ್ದಾರೆ. ಅಕಾರ್ಡಿಯನ್ ಪೆಟ್ಟಿಗೆ ಮಂಚದ ಕೆಳಗೆ ಸೇರಿದೆ. ಅತ್ತೆ ಕನ್ನಡಕ ಏರಿಸಿ ಕ್ಯಾಮೆರಾದ ಬೆನ್ನನ್ನು ಮೂಗಿನ ತುದಿಗೆ ಹಿಡಿಯುತ್ತಾರೆ.

"ಮುಖ ಎಲ್ಲೇ ಇದರಲ್ಲಿ? ಬರೀ ಕಪ್ಪು."

"ನೆರಳು ಅತ್ತೆ. ಸರಿಯಾಗಿ ನೋಡಿ."

ಮುದುಕಿ ನೋಡುತ್ತಾರೆ. ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಒಂದು ಬೆರಳು ಆ ಕಪ್ಪಿನ ಅಂಚಿಗೆ ಹೋಗುತ್ತದೆ. "ಇವನೇ ಕಣೇ. ಕೆಳತುಟಿ ನೋಡು, ಹೆಂಗೆ ಮುಂದೆ ಬಂದಿದೆ. ಮಗ್ಗಿ ಬರೆಯೋವಾಗ್ಲೂ ಹೀಗೇ ಮಾಡ್ತಿದ್ದ."

"ನಾನೆಲ್ಲಿ ಮಾಡ್ತೀನಿ?" ಎನ್ನುತ್ತಾರೆ ಯಜಮಾನರು, ಕೆಳತುಟಿ ಮುಂದೆ ಚಾಚಿ. ಅತ್ತೆ ಸೊಸೆ ಇಬ್ಬರೂ ನಗುತ್ತಾರೆ.

ಅಕ್ಕನಿಗೆ ಇನ್ನೊಂದು ಆಸೆ ಇದೆ, ಆ ನೆರಳನ್ನು ದೊಡ್ಡದು ಮಾಡಿಸಿ ಅತ್ತೆಯ ಮಂಚದ ಎದುರಿಗೆ ತೂಗುಹಾಕಬೇಕೆಂದು. ಕಟ್ಟಳೆ ಮುರಿದು ಓಣಿಯಲ್ಲೇ ನಿಂತಿದ್ದರೆ ಮುಖವೇ ಸಿಗುತ್ತಿತ್ತಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಮೂರಕ್ಕೆ ಹೊರಗೆ ಬಂದೆ. ಬಂದಿದ್ದಕ್ಕೇ ಇದು ಸಿಕ್ತು."

ಅಷ್ಟರಲ್ಲಿ ಅತ್ತೆಗೆ ತಮ್ಮ ದಿನದ ಪ್ರಶ್ನೆ ನೆನಪಾಗುತ್ತದೆ. "ಅದಿರ್ಲಿ, ನಾಲ್ಕನೇದು ಯಾವ ಹಾಡೇ?"

"ಅದು ಇವತ್ತೂ ಗೊತ್ತಿಲ್ಲ ಅತ್ತೆ," ಎಂದು ಅಕ್ಕ ಮೊಣಕಾಲಿನ ಪಟ್ಟಿ ಬಿಚ್ಚುತ್ತ ಅವರ ಪಕ್ಕ ಕೂರುತ್ತಾರೆ. "ಐದನೇದು ಕೇಳಿ."