ಗ್ಯಾಸ್ ಅಂತನ ಬರಿ

ನನ್ನ ಸಿಟ್ಟು ಮೂಗಿನ ಮ್ಯಾಲ. ಬನಹಟ್ಟಿ ನೇಕಾರ ಮನಿಯಾಗ ಹುಟ್ಟಿದಾಕಿ, ಮಗ್ಗದ ಸಪ್ಪಳದಾಗ ಒದರಿ ಮಾತಾಡೂದ ರೂಢಿ. ಈಗ ಜಮಖಂಡಿ ದಾರಿಯೊಳಗಿನ ಒಂದು ಸಣ್ಣ ಆಸ್ಪತ್ರಿಯ ತುರ್ತು ವಾರ್ಡಿನ್ಯಾಗ ನರ್ಸ್ ಅದೇನಿ. ಅಲ್ಲಿನೂ ಅದ ದನಿ.

ಹೋದ ವರ್ಷ ಒಂದು ಅಧ್ಯಯನದವರು ನಮಗೊಂದು ಟ್ಯಾಬ್ ಕೊಟ್ರು. ಬಡ ದೇಶಗಳ ಸಣ್ಣ ಆಸ್ಪತ್ರಿಯೊಳಗ ತುರ್ತು ಚಿಕಿತ್ಸೆ ಹೆಂಗ ನಡದೈತಿ, ಎಲ್ಲಿ ತಡಾ ಆಗತೈತಿ ಅಂತ ನೋಡಾಕ ಮಾಹಿತಿ ಬೇಕಂತ. ಪೇಷಂಟ್ ಬಂದ ವ್ಯಾಳ್ಯಾ, ಏನ್ ತ್ರಾಸ, ಡಾಕ್ಟರ್ ನೋಡಿದ ವ್ಯಾಳ್ಯಾ, ಇಸಿಜಿ ತಗದ ವ್ಯಾಳ್ಯಾ, ಇಂಜೆಕ್ಷನ್ ಕೊಟ್ಟ ವ್ಯಾಳ್ಯಾ, ಕಡೀಕ ಏನಾತು. ತುಂಬೂ ಕೆಲಸ ನನ್ನ ಕೊಳ್ಳಿಗೆ ಬಿತ್ತು. "ಒಂದ ಕೈಯಾಗ ಸಲೈನ್ ಹಿಡಕೊಂಡು ಇನ್ನೊಂದ ಕೈಲೆ ಇದನ್ನ ಒತ್ತಲೇನ್ರಿ?" ಅಂತ ಡಾಕ್ಟರ್ ಮುಂದನ ಜಗಳ ತಗದಿದ್ದೆ.

ತ್ರಾಸಿನ ಕೆಳಗ ತಯಾರಿದ್ದ ಹೆಸರು ಇದ್ದುವು: ಎದಿ ನೋವು, ಹೊಟ್ಟಿ ನೋವು, ಗಾಯ, ಹಿಂಗ. ನಮ್ಮ ಮಂದಿ ಹಂಗ ಹೇಳೂದುಂಟೇನು? "ಗ್ಯಾಸ್ ಆಗೇತ್ರಿ" ಅಂತಾರ. ಗ್ಯಾಸ್ ಅಂದ್ರ ಹೊಟ್ಟಿ ಅಂತ ತಲಿ ಓಡಿಸಿ ನಾ ಹೊಟ್ಟಿ ನೋವು ಒತ್ತತಿದ್ದೆ. ಭಾಳ ಶಾಣ್ಯಾಕಿ ನಾ. ಅವರ ಬಾಯಿಂದ ಬಂದ ಮಾತನ್ನ ಮಾತ್ರ ಒಂದು ನೋಟಬುಕ್ಕಿನ್ಯಾಗ ಬರಕೊತಿದ್ದೆ, ಟ್ಯಾಬ್ ಕೈ ಕೊಟ್ರ ಇರಲಿ ಅಂತ.

ಒಂದಿನ ಮಧ್ಯಾಹ್ನ ವಾರ್ಡ್ ಖಾಲಿ ಇತ್ತು. ತುಂಬಿದ್ದನ್ನೆಲ್ಲ ಸುಮ್ನ ನೋಡಾಕ ಕುಂತೆ. ಹೊಟ್ಟಿ ನೋವಿನವರೊಳಗ ಮೂರು ಮಂದಿಗೆ ಕಡೀಕ ಹಾರ್ಟ್ ಅಟ್ಯಾಕ್ ಅಂತಿತ್ತು. ಮೂವರಿಗೂ ಇಸಿಜಿ ತಗದದ್ದು ಬಂದ ತಾಸಿನ ಮ್ಯಾಲ. ನೋಟಬುಕ್ ತಗದು ಅವರ ಹೆಸರಿನ ಮುಂದ ನೋಡಿದೆ. ಗ್ಯಾಸ್. ಗ್ಯಾಸ್. ಗ್ಯಾಸ್. ಮೂರನೇದಾಕಿ ಮುಧೋಳ ಕಡಿಯ ಒಬ್ಬ ಅಜ್ಜಿ. ಗ್ಯಾಸಿನ ಗುಳಿಗಿ ಕೊಟ್ಟು ಬಾಕಿನ ಮ್ಯಾಲ ಕುಂದರಿಸಿದಾಕಿ ನಾನ. ಅಜ್ಜಿ ಉಳೀಲಿಲ್ಲ. ಆಕಿ ಹೆಸರಿನ ಮ್ಯಾಲ ಬೆರಳಿಟ್ಟು ಕುಂತೆ. ಆದ್ರ ಖರೆ ಹೇಳತೇನಿ, ಅದರ ಬೆನ್ನಿಗೇ ಮೈ ಜುಮ್ ಅಂತು. ತಪ್ಪು ಎಲ್ಲೈತಿ ಅನ್ನೂದು ಸಿಕ್ಕಿತ್ತು.

ಡಾಕ್ಟರ್ ಖೋಲಿಗೆ ಓಡಿದೆ. "ಸರ್, ಇನ್ನ ಮ್ಯಾಲ ದೊಡ್ಡವರು ಯಾರರ ಗ್ಯಾಸ್ ಅಂದ್ರ ಮೊದಲ ಇಸಿಜಿ ತಗಿಯೂಣ್ರಿ."

"ಇಡೀ ಜಿಲ್ಲಾನ ಗ್ಯಾಸ್ ಅಂತೈತಿ, ಸಿಸ್ಟರ್. ಮಿರ್ಚಿ ತಿಂದವರಿಗೆಲ್ಲ ತಗದ್ರ ಕಾಗದ ಎಲ್ಲಿಂದ ತರೂದು?"

ನೋಟಬುಕ್ಕು, ಟ್ಯಾಬು ಎರಡೂ ಅವರ ಮುಂದ ಇಟ್ಟೆ. ಓದಿದ್ರು. ಇನ್ನೊಮ್ಮೆ ಓದಿದ್ರು. "ಒಂದು ತಿಂಗಳು ಮಾಡ್ರಿ. ಒಬ್ಬರೂ ಸಿಗದಿದ್ರ ಬಂದ್" ಅಂದ್ರು.

ಮೂರು ವಾರ ಬಂದವರೆಲ್ಲ ಖರೇನ ಗ್ಯಾಸಿನವರ. ಒಬ್ಬಾಂವ ಇಸಿಜಿ ನಡದಾಗನ ತೇಗಿದ. ಕಾಗದದ ಸುರಳಿ ಸಣ್ಣಾಗಾಕತ್ತಿತ್ತು, ಡಾಕ್ಟರ್ ನನ್ನ ನೋಡಿದಾಗೆಲ್ಲ ನಗತಿದ್ರು. ನಾನೂ ಹಟಾ ಬಿಡಲಿಲ್ಲ.

ನಾಕನೇ ವಾರ ರಬಕವಿಯಿಂದ ಒಬ್ಬ ಹಿರಿಯರು ಆಟೋದಿಂದ ಇಳದ್ರು. ಅಂಗಿ ಮ್ಯಾಲ ನೂಲಿನ ತುಣುಕು, ಕೈಯಾಗ ಅರ್ಧ ಕುಡದ ಸೋಡಾ ಬಾಟ್ಲಿ. "ಗ್ಯಾಸ್ ಆಗೇತವ್ವಾ. ಒಂದು ಗುಳಿಗಿ ಕೊಡು, ಮಗ್ಗ ನಿಂದರಿಸಿ ಬಂದೇನಿ" ಅಂದ್ರು.

"ಮಲಕೋರಿ ಕಾಕಾ."

"ಗ್ಯಾಸಿಗೆ ಎದಿಗ್ಯಾಕ ವೈರ್ ಹಚ್ಚತಿ?"

"ಮಗ್ಗ ನಿಮ್ಮದು, ಈ ಮಶೀನ್ ನಂದು. ಸುಮ್ನ ಮಲಕೋರಿ."

ಕಾಗದ ಹೊರಗ ಬಂತು. ಗೆರಿ ಗುಡ್ಡದಂಗ ಎದ್ದಿತ್ತು. ನಾ ಡಾಕ್ಟರನ್ನ ಕೂಗಿದ್ದು ಬಾಜೂಕಿನ ಔಷಧ ಅಂಗಡಿತನಕ ಕೇಳಿತಂತ. ಹೆಪ್ಪು ಕರಗಿಸೂ ಇಂಜೆಕ್ಷನ್ ಹೋತು. ಬಂದ ವ್ಯಾಳ್ಯಾಕ್ಕೂ ಇಂಜೆಕ್ಷನ್ ವ್ಯಾಳ್ಯಾಕ್ಕೂ ನಡುವ ಇಪ್ಪತ್ತ ನಿಮಿಷ. ಅದನ್ನ ಟ್ಯಾಬಿನ್ಯಾಗ ಒತ್ತಿದೆ. ವಾರ್ಡಿನ ನಟ್ಟನಡುವ ಕುಣೀಬೇಕನಸ್ತು.

ಸಂಜಿಮುಂದ ಕಾಕಾನ ಮುಖಕ್ಕ ಕಳಾ ಬಂತು. ನೋಟಬುಕ್ ಹಿಡಕೊಂಡು ಹೋದೆ. "ನಿಮಗ ಹಾರ್ಟ್ ಅಟ್ಯಾಕ್ ಆಗಿತ್ರಿ. ಏನ್ ತ್ರಾಸ ಅಂತ ಬರೀಲಿ?"

"ಡಾಕ್ಟರ್ ಏನರ ಅನ್ಲಿ. ನೀ ಗ್ಯಾಸ್ ಅಂತನ ಬರಿ."

ಡಾಕ್ಟರ್ ಬಾಗಿಲದಾಗ ನಿಂತಿದ್ರು, ಕೈಯಾಗ ಇಸಿಜಿ ಕಾಗದದ ಹೊಸ ಸುರಳಿ. "ಹಂಗ ಬರೀರಿ, ಸಿಸ್ಟರ್" ಅಂದ್ರು.

ಬರದೆ. ಆ ಮುಧೋಳದ ಅಜ್ಜಿ ಅಂದದ್ದೂ ಇದ ಮಾತು. ಅವತ್ತ ನಾ ಅದನ್ನ ಬರಕೊಂಡಿದ್ದೆ, ಕೇಳಿಸಿಕೊಂಡಿರಲಿಲ್ಲ.