ದೊಣೆ ನೀರು ತರದ ಸೊಸೆ

ನಾನು ಹೊಳೆ ದಂಡೆಯ ಹುಡುಗಿ, ಸಿರುಗುಪ್ಪದವಳು. ನಮ್ಮ ಕಡೆ ಎತ್ತರ ಅಂದರೆ ಹುಲ್ಲಿನ ಬಣವೆ. ಅದನ್ನು ಹತ್ತಿದ್ದಕ್ಕೂ ಅವ್ವನ ಕೈಲಿ ಬೈಸಿಕೊಂಡವಳು ನಾನು. ಅಂಥವಳನ್ನು ತಂದು ಕುರುಗೋಡಿಗೆ ಕೊಟ್ಟರು. ಅಲ್ಲಿ ಹಿತ್ತಲ ಬಾಗಿಲು ತೆಗೆದರೆ ಗುಡ್ಡ, ತಲೆಬಾಗಿಲು ತೆಗೆದರೂ ಗುಡ್ಡ. ಬಂಡೆಯ ಮೇಲೆ ಬಂಡೆ, ನಡುವೆ ನಾಲ್ಕು ಜಾಲಿ ಗಿಡ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಈ ಬೆಟ್ಟ ಹತ್ತಿರ ಹೋದರೂ ನುಣ್ಣಗೇ ಕಾಣುತ್ತಿತ್ತು. ಅದೇ ನನ್ನ ಫಜೀತಿ.

ಯುದ್ಧದ ಕಾಲ ಅದು. ಬೇಸಿಗೆಯಲ್ಲಿ ಮದುವೆಯಾಯಿತು. ನಮ್ಮ ಮನೆಯವರು ಬಳ್ಳಾರಿಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಇದ್ದಿಲಿನಿಂದ ಓಡುವ ಬಸ್ಸು ಹತ್ತಿ, ಮುಖಕ್ಕೆಲ್ಲ ಮಸಿ ಮಾಡಿಕೊಂಡು ಅಮಾವಾಸ್ಯೆಗೋ ಹುಣ್ಣಿಮೆಗೋ ಬಂದರೆ ಬಂದರು. ಉಳಿದಂತೆ ಮನೆಯಲ್ಲಿ ಅತ್ತೆ, ಮಾವ, ನಾನು. ಅತ್ತೆಯ ಮಾತು ಕಟಕ ರೊಟ್ಟಿಯಷ್ಟು ಗಟ್ಟಿ. ಮಾವ ಮೆದು ಮನುಷ್ಯ. ಎತ್ತು, ಕಪಿಲೆ ಬಾವಿ, ಬಾವಿಯಿಂದ ನೀರೆತ್ತುವಾಗ ಎತ್ತು ಎಳೆಯುವ ತೊಗಲಿನ ಮಿಣಿ, ಇಷ್ಟೇ ಆತನ ಪ್ರಪಂಚ.

ಶ್ರಾವಣ ಹತ್ತಿರ ಬಂತು. ಪಂಚಮಿಗೆ ಹೊಸ ಮದುವಣಗಿತ್ತಿ ತವರಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ನಾನಂತೂ ಕನಸಿನಲ್ಲೂ ಜೋಕಾಲಿ ಆಡುತ್ತಿದ್ದೆ. ಆದರೆ ಈ ಮನೆಯಲ್ಲೊಂದು ಕಟ್ಟಳೆ ಇತ್ತು. ಗುಡ್ಡದ ನೆತ್ತಿಯ ಮೇಲೆ ಬಂಡೆಯೊಳಗೇ ಒಂದು ದೊಣೆ, ಮಳೆ ನೀರು ನಿಲ್ಲುವ ಕುಳಿ. ಹೊಸ ಸೊಸೆ ಆ ನೀರನ್ನು ತಾನೇ ಹತ್ತಿ ತಂದು ಮನೆದೇವರಿಗೆ ಎರೆಯಬೇಕು. ಅಲ್ಲಿಯತನಕ ತವರಿಗೆ ಕಳಿಸುವುದಿಲ್ಲ. ಜೊತೆಗೆ ಅತ್ತೆಯಾದವಳು ಮಾತ್ರ ಹೋಗಬಹುದು, ಗಂಡಸರು ಹೆಜ್ಜೆ ಇಡುವಂತಿಲ್ಲ.

ಆ ವರ್ಷ ಮಳೆ ತಡವಾಗಿ, ದೊಣೆ ಒಣಗಿಯೇ ಇತ್ತು. ಹಬ್ಬ ಇನ್ನೇನು ಬಂತು ಅನ್ನುವಾಗ ಒಂದು ದೊಡ್ಡ ಮಳೆ ಹೊಡೆಯಿತು. ಅದರ ಬೆನ್ನಿಗೇ ನಮ್ಮಣ್ಣ ಗಾಡಿ ಕಟ್ಟಿಕೊಂಡು ಬಂದ. ಮರುದಿನ ಮಧ್ಯಾಹ್ನ ಹೊರಟರೆ ತೆಕ್ಕಲಕೋಟೆಯಲ್ಲಿ ರಾತ್ರಿ ತಂಗಿ, ಹಬ್ಬಕ್ಕೆ ಸಿರುಗುಪ್ಪ ಮುಟ್ಟಬಹುದು. ಅದು ತಪ್ಪಿದರೆ ಈ ವರ್ಷದ ಪಂಚಮಿ ಮುಗಿದಂತೆಯೇ.

"ಬೆಳಕು ಹರಿಯೂದ್ರಾಗ ಏಳು. ಹೊಟ್ಟಿ ತುಂಬ ಉಣಬ್ಯಾಡ," ಅಂದರು ಅತ್ತೆ.

"ಅತ್ತಿ, ನನಗ ಅಂಜಿಕಿ ಬರ್ತೈತಿ."

"ಬರ್ಲಿ. ಅದನ್ನೂ ಕರ್ಕೊಂಡು ಹತ್ತು."

ಬೆಳಗ್ಗೆ ಸೀರೆಗೆ ಕಚ್ಚೆ ಹಾಕಿ, ತಾಮ್ರದ ತಂಬಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟೆವು. ಸೊಂಟಕ್ಕೆ ಕಟ್ಟಿಕೊಳ್ಳಲು ಮಾವನ ಮಿಣಿ. ಗುಡ್ಡದ ಬುಡದಲ್ಲಿ ಸುರುಳಿ ಬಿಚ್ಚಿದ ಅತ್ತೆ ಮೂಸಿ ನೋಡಿ ಹಣೆ ಬಡಿದುಕೊಂಡರು. ಹೆಣ್ಣುಮಕ್ಕಳ ಜೀವ ಈ ಮಿಣಿಯ ಮೇಲೆ ಅಂತ ತಿಳಿದ ಮಾವ, ರಾತ್ರಿ ಅದಕ್ಕೆ ಹರಳೆಣ್ಣೆ ಕುಡಿಸಿ ಕುಡಿಸಿ ತಿಕ್ಕಿದ್ದರು. ಎತ್ತಿಗೆ ಕಟ್ಟುವ ಮಿಣಿ ಹರಿಯಬಾರದು ಅಂದರೆ ಹಾಗೇ ಮಾಡುವುದು. ಅದನ್ನು ಕೈಯಲ್ಲಿ ಹಿಡಿಯುವವರು ನಾವು ಅನ್ನೋದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ. ದೀಪಕ್ಕೆ ಎಣ್ಣೆ ಉಳಿಸ್ರವಾ ಅಂತ ದಿನಾ ಹೇಳುವ ಮನುಷ್ಯ ಒಂದು ವಾರದ ಎಣ್ಣೆ ಸುರಿದಿದ್ದ!

"ಎಂಥಾ ಗಂಡನ್ನ ಕಟ್ಟಿದರವ್ವಾ ನನಗ," ಅನ್ನುತ್ತ ಅತ್ತೆ ಮಿಣಿಗೆ ಮಣ್ಣು ತಿಕ್ಕಿದರು. ಜಾರುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಮೊದಲು ಬರುವುದು ಹಾಸುಬಂಡೆ. ಹಿಡಿಯಲು ಏನೂ ಇಲ್ಲ, ಬರಿಗಾಲನ್ನೇ ನಂಬಬೇಕು. "ಅಂಗಾಲು ಪೂರ್ತಿ ಊರು. ಕಲ್ಲಿಗೆ ಅಪ್ಪಿಕೋಬ್ಯಾಡ, ಅದೇನು ನಿನ್ನ ಗಂಡ ಅಲ್ಲ," ಅಂದರು ಅತ್ತೆ. ನಗು ಬಂತು, ನಗುತ್ತಲೇ ಅರ್ಧ ದಾರಿ ಏರಿಬಿಟ್ಟಿದ್ದೆ. ಬಂಡೆ ಇನ್ನೂ ತಂಪಾಗಿತ್ತು, ಒರಟಾಗಿತ್ತು. ಕೆಳಗಿನಿಂದ ನುಣ್ಣಗೆ ಕಂಡದ್ದರಲ್ಲಿ ಉಪ್ಪಿನ ಹರಳಿನಂಥ ಕಾಳುಗಳಿದ್ದವು, ಕಾಲನ್ನು ಹಿಡಿದುಕೊಳ್ಳುತ್ತಿದ್ದವು.

ಆಮೇಲೆ ಸೀಳು. ಎರಡು ದೊಡ್ಡ ಬಂಡೆಗಳ ನಡುವಿನ ಸಂದಿ ಅದು. ಒಂದಕ್ಕೆ ಬೆನ್ನು ಕೊಟ್ಟು, ಇನ್ನೊಂದಕ್ಕೆ ಕಾಲು ಕೊಟ್ಟು, ಒತ್ತುತ್ತ ಒತ್ತುತ್ತ ಮೇಲೇರಬೇಕು. ಮಂಡಿ ನೋವಿನ ಅತ್ತೆ ನರಳುತ್ತಲೇ ಮೊದಲು ಏರಿ, ಮೇಲಿನ ಗುಂಡುಕಲ್ಲಿಗೆ ಮಿಣಿ ಸುತ್ತಿ ಹಿಡಿದು ಕೂತರು. ಮೊದಲು ಬರಿ ತಂಬಿಗೆಯನ್ನು ಮೇಲೆಳೆದುಕೊಂಡರು, ಆಮೇಲೆ ಇನ್ನೊಂದು ತುದಿ ನನ್ನ ಸೊಂಟಕ್ಕೆ.

"ಎರಡು ಕೈ, ಎರಡು ಕಾಲು. ಮೂರು ಕಲ್ಲಿನ ಮ್ಯಾಲಿರ್ಲಿ, ಒಂದು ಆಡ್ಲಿ. ಅವಸರ ಬ್ಯಾಡ, ಬಾರವಾ."

ನಡುವೆ ಕೆಳಗೆ ನೋಡಿದೆ. ನೋಡಬಾರದಿತ್ತು. ಕಾಲು ಜಾರಿತು, ಮಿಣಿಯೂ ಮೊಳದಷ್ಟು ಜಾರಿತು. ಆಮೇಲೆ ಮಿಣಿ ಗಕ್ಕನೆ ನಿಂತಿತು. ಮೇಲಿಂದ ಮಾವನ ಎಣ್ಣೆಗೂ ಗಾಣಕ್ಕೂ ಬೈಗಳ ಸುರಿಮಳೆ. ಆ ಬೈಗಳ ಕೇಳಿದ ಮೇಲೆ ನನಗೆ ಧೈರ್ಯ ಬಂತು ನೋಡಿ. ಬೈಯಲು ಉಸಿರಿದೆ ಅಂದರೆ ಹಿಡಿಯಲೂ ಶಕ್ತಿ ಇದೆ. ಹತ್ತಿದೆ.

ನೆತ್ತಿಯ ಮೇಲೆ ದೊಣೆ ತುಂಬಿತ್ತು. ತಿಳಿ ನೀರು, ತಳದ ಕಲ್ಲು ಕಾಣುತ್ತಿತ್ತು. ಬೊಗಸೆಯಲ್ಲಿ ಕುಡಿದೆವು. ಬಡಗಣ ದಿಕ್ಕಿಗೆ ಮಂಜು ಮಂಜಾಗಿ ತೆಕ್ಕಲಕೋಟೆಯ ಗುಡ್ಡ, ಅದರಾಚೆ ನನ್ನ ಊರು. ಅತ್ತೆಯೂ ಅತ್ತಲೇ ನೋಡುತ್ತಿದ್ದರು. ಅವರ ತವರು ಅದೇ ದಿಕ್ಕಿನ ಹಚ್ಚೊಳ್ಳಿ ಅಂತ ಗೊತ್ತಿತ್ತು, ಆದರೆ ಆ ಮನೆಯ ಮಾತು ಅವರ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಮೊದಲನೇ ವರ್ಷ ನಾ ಆ ಸೀಳಿನ ತಾಕ ಬಂದು ಅತಗೋತ ಇಳದೆ," ಅಂದರು, ಮಂಡಿ ಒತ್ತಿಕೊಳ್ಳುತ್ತ. "ನಮ್ಮತ್ತಿ ಕಟ್ಟಳಿ ಅಂದ್ರ ಕಟ್ಟಳಿ ಅಂದ್ಳು. ನಮ್ಮಣ್ಣ ಬರೀ ಗಾಡಿ ಹೊಡಕೊಂಡು ಹೋದ. ಮರುವರ್ಷ ಹತ್ತಿದೆ. ಅಷ್ಟರಾಗ ನಮ್ಮವ್ವ ಹೋಗಿಬಿಟ್ಟಿದ್ಳು. ನೀರು ತಂದು ಯಾರ ಮನಿಗೆ ಹೋಗ್ಲಿ?"

ಅವರ ಮಂಡಿಯನ್ನು ನಾನೇ ಒತ್ತಿದೆ. ಬೇಡ ಅನ್ನಲಿಲ್ಲ.

ಇಳಿಯುವಾಗ ತುಂಬಿದ ತಂಬಿಗೆ ಬೆನ್ನಿಗಿದ್ದರೆ ಸೀಳಿನಲ್ಲಿ ಹಿಡಿಸುವುದಿಲ್ಲ. ಬಾಯಿಗೆ ಬಟ್ಟೆ ಬಿಗಿದು, ಕೊರಳಿಗೆ ಮಿಣಿ ಕಟ್ಟಿ ಮೊದಲು ಅದನ್ನೇ ಇಳಿಬಿಟ್ಟೆವು. ಅರ್ಧಕ್ಕೆ ಹೋಗಿರಬೇಕು, ಎಣ್ಣೆ ಮಿಣಿಯ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು. ಠಣ್ ಠಣ್ ಅಂತ ಸದ್ದು ಕೇಳಿತು. ಬಗ್ಗಿ ನೋಡಿದರೆ ತಂಬಿಗೆ ಸೀಳಿನ ಬುಡದಲ್ಲಿ ಮಗ್ಗುಲಾಗಿ ಬಿದ್ದಿದೆ, ಹಾಸುಬಂಡೆಯ ಮೇಲೆ ನೀರು ಹರಿದು ಹೋಗುತ್ತಿದೆ.

ಇಳಿದು, ತಂಬಿಗೆ ತಗೊಂಡು, ಮತ್ತೆ ಹತ್ತಬೇಕು. ಅತ್ತೆಯ ಮಂಡಿ ಊದಿ ಕುಂಬಳವಾಗಿತ್ತು. ಪಡುವಣದಲ್ಲಿ ಮೋಡ ಬೇರೆ ಕಟ್ಟಿತ್ತು. ಮಳೆ ಬಿದ್ದರೆ ಆ ಬಂಡೆಯ ಮೇಲೆ ಮಂಗವೂ ನಿಲ್ಲಲಾರದು. ಹೋಯಿತು ನನ್ನ ಪಂಚಮಿ ಅಂತ ಗೊಳೋ ಅಂತ ಅಳತೊಡಗಿದೆ. ಅತ್ತೆ ನನ್ನನ್ನು ಇಳಿಸಿದರು, ತಾವೂ ಇಳಿದರು, ನೆಗ್ಗಿದ ತಂಬಿಗೆ ಎತ್ತಿಕೊಂಡು ಕುಂಟುತ್ತ ನಡೆದರು. ನಾನು ಅಳುತ್ತ ಹಿಂದೆ.

ಮನೆಯ ಕಡೆ ತಿರುಗುವ ಬದಲು ಹೊಲದ ಕಪಿಲೆ ಬಾವಿಗೆ ಹೋದರು. ಅಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಿಳಿದು ತಂಬಿಗೆ ತುಂಬಿ, ಸೆರಗಿನಿಂದ ಒರೆಸಿ, ನನ್ನ ಕೈಗಿಟ್ಟರು.

"ಅತ್ತಿ, ಇದು ದೊಣಿ ನೀರಲ್ಲಲ್ರಿ."

"ಗುಡ್ಡದ ಮ್ಯಾಲೆ ಬಿದ್ದ ನೀರು ಎಲ್ಲಿಗೆ ಬರ್ತೈತಿ? ಇಲ್ಲಿಗೇ. ಇದೂ ದೊಣಿ ನೀರೇ, ನಮಗಿಂತ ಮೊದಲ ಇಳದು ಬಂದೈತಿ. ಕಣ್ಣೊರಸಿಕೋ, ನಡಿ."

ಒಂದು ಹುಲ್ಲುಕಡ್ಡಿ ಇತ್ತಿಂದತ್ತ ಇಟ್ಟರೂ ಶಾಸ್ತ್ರ ತೆಗೆಯುವ ಹೆಂಗಸು! ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತೆ. ಹೆತ್ತ ತಾಯಿಯ ಮೇಲೆ ಬರದಷ್ಟು ಪ್ರೀತಿ ಆ ಗಳಿಗೆಯಲ್ಲಿ ಆಕೆಯ ಮೇಲೆ ಉಕ್ಕಿ ಬಂತು.

ದೇವರಿಗೆ ನೀರೆರೆದೆ. ಮಾವ ಕೈಮುಗಿದವರು ತಂಬಿಗೆ ತಿರುಗಿಸಿ ನೋಡಿದರು. "ಇದ್ಯಾಕ ನೆಗ್ಗೇತಿ?"

"ನಿಮ್ಮ ಹರಳೆಣ್ಣಿನ ಕೇಳ್ರಿ," ಅಂದರು ಅತ್ತೆ. ಮಾವ ಎತ್ತಿಗೆ ಹುಲ್ಲು ಹಾಕಲು ಹೋದರು. ಅಣ್ಣ ಗಾಡಿ ಕಟ್ಟಿದ.

ಹಬ್ಬ ಮುಗಿಸಿ ಬಂದೆ. ಅವ್ವ ಕೊಟ್ಟ ಶೇಂಗಾ ಉಂಡಿ ಅತ್ತೆಯ ಕೈಗೆ ಕೊಟ್ಟರೆ ತಿನ್ನಲಿಲ್ಲ, ಹಿಡಿದುಕೊಂಡೇ ಕೂತರು. "ಹೇಳು," ಅಂದರು. ಹೇಳಿದೆ. ಗಾಡಿಯ ಸದ್ದು ಕೇಳಿ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದದ್ದು, ಸೊರಗೀದಿ ಅಂತ ಗಲ್ಲ ಸವರಿ ಕೆನ್ನೆಗೆಲ್ಲ ಹಿಟ್ಟು ಮಾಡಿದ್ದು, ತಲೆಗೆ ಎರೆದದ್ದು, ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದು, ಹೊರಡುವಾಗ ಊರ ಅಗಸಿ ಬಾಗಿಲತನಕ ನಡೆದುಬಂದದ್ದು. ಎಲ್ಲ ಹೇಳಿ ಮುಗಿಸಿ, ಇನ್ನು ಒಳಗೆ ಹೋಗಿ ಒಲೆ ಹಚ್ಚಬೇಕು ಅಂತ ಎದ್ದೆ.

ಅತ್ತೆ ನನ್ನ ಸೆರಗು ಹಿಡಿದರು.

"ಕುಂದ್ರು. ನಿಮ್ಮವ್ವ ಬಾಗಿಲಿಗೆ ಓಡಿ ಬಂದ್ಳು ಅಂದೆಲ್ಲ, ಅದನ್ನ ಇನ್ನೊಮ್ಮೆ ಹೇಳು."