ಅತ್ತೆಯ ಅಂಗಾಲು

ಅಂಕೋಲೆಯ ನಮ್ಮ ಮನೆಯಲ್ಲಿ ಚಪ್ಪಲಿಗೆ ಹೊಸ್ತಿಲು ದಾಟುವ ಅಧಿಕಾರವಿರಲಿಲ್ಲ. ಕಾನೂನು ನನ್ನ ಅತ್ತೆಯದು. ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಪಾದಕ್ಕೆ ಜೋಮು ಹಿಡಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಕಾರವಾರದ ಡಾಕ್ಟರು ಅವರ ಅಂಗಾಲಿಗೆ ಸಣ್ಣ ನೈಲಾನ್ ಎಳೆ ತಾಗಿಸಿ, "ಗೊತ್ತಾಗ್ತದಾ ಅಮ್ಮಾ?" ಎಂದು ಕೇಳಿದಾಗ ಅತ್ತೆ ಸುಮ್ಮನೆ ಕೂತಿದ್ದರು. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದರಂತೆ.

"ಮನೆ ಒಳಗೂ ಚಪ್ಪಲಿ ಹಾಕ್ಕೊಳ್ಳಿ. ದಿನಾ ಅಂಗಾಲು ನೋಡ್ಕೊಳ್ಳಿ," ಎಂದರು ಡಾಕ್ಟರು.

ವಾಪಸು ಬರುವಾಗ ಬಸ್ಸಿನಲ್ಲೇ ಅತ್ತೆ ತೀರ್ಪು ಕೊಟ್ಟರು. "ದೇವ್ರು ಇರೂ ಮನೆಲಿ ಚಪ್ಲಿ ಹಾಕ್ಕಂಡು ತಿರ್ಗೂಕೆ ನಾ ಎಂತಾ ಪೊಲೀಸಾ?"

ನಾನು ತಂದ ಮೆತ್ತನೆಯ ಚಪ್ಪಲಿ ಕಪಾಟಿನ ಮೇಲೇರಿತು. ಡಾಕ್ಟರ ಮಾತಿಗೆ ಕಿವುಡಾದ ಅತ್ತೆಗೆ ನೆಂಟರ ವೈದ್ಯ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬೇಲೆಕೇರಿಯಲ್ಲಿರುವ ಅವರ ತಮ್ಮ ಎಲ್ಲ ರೋಗಕ್ಕೂ ಮೊಬೈಲಿನಲ್ಲಿ ಒಂದೊಂದು ವಿಡಿಯೋ ಇಟ್ಟುಕೊಂಡವರು. "ಬರಿಗಾಲಲ್ಲಿ ಮಣ್ಣ ಮೇಲೆ ನಡಿ ಅಕ್ಕಾ, ನರ ಎಲ್ಲ ಎಚ್ಚರ ಆಗ್ತವೆ," ಎಂದು ಹೇಳಿ, ಹೊರಗೆ ಬಿಟ್ಟಿದ್ದ ದಪ್ಪ ಬೂಟಿನೊಳಗೆ ಕಾಲು ತೂರಿಸಿ ಸ್ಕೂಟರ್ ಹತ್ತಿದರು.

ಅತ್ತೆ ಬೆಳಿಗ್ಗೆ ಅಂಗಳದಲ್ಲಿ ಬರಿಗಾಲಲ್ಲಿ ನಡೆಯತೊಡಗಿದರು. ಒಂದು ಭಾನುವಾರ ಒಳಗೆ ಬಂದು ದೇವರಿಗೆ ಕೈ ಮುಗಿದು ತಿರುಗಿದವರೇ ನನ್ನನ್ನು ಕೂಗಿ ಕರೆದರು. ಬಿಳಿ ಟೈಲ್ಸಿನ ಮೇಲೆ ಬಾಗಿಲಿಂದ ದೇವರ ಕೋಣೆಯ ತನಕ ಕೆಂಪು ಗುರುತುಗಳು.

"ಕುಂಕುಮ ತುಳ್ದು ಮನೆ ತುಂಬ ತಿರ್ಗಿದ್ದು ಯಾರೇ? ಕಣ್ಣು ಕಾಣೂದಿಲ್ವಾ ನಿಂಗೆ?"

ನಾನು ಒದ್ದೆ ಬಟ್ಟೆ ತಂದೆ. ಅತ್ತೆ ಮುಂದೆ ನಡೆಯುತ್ತ, "ಇಲ್ಲೂ ಉಂಟು, ಕಾಣು, ಇಲ್ಲೂ ಉಂಟು," ಎಂದು ಬೆರಳು ತೋರಿಸುತ್ತ ಹೋದರು. ನಾನು ಒರೆಸುತ್ತ ಹೋದಂತೆ ಅವರ ಹಿಂದೆಯೇ ಹೊಸ ಗುರುತು ಮೂಡುತ್ತಿತ್ತು.

"ಅತ್ತೆ, ನಿಲ್ಲಿ. ಕಾಲು ಎತ್ತಿ."

ಹಿಮ್ಮಡಿಯ ಹತ್ತಿರ ಚಿಪ್ಪಿನ ಚೂರೊಂದು ನಾಟಿತ್ತು. ಹಿಂದಿನ ದಿನ ಸಾರಿಗೆಂದು ಅಂಗಳದಲ್ಲಿ ಬಿಡಿಸಿದ ಬಳಚು ಚಿಪ್ಪುಮೀನಿನದು. ಅತ್ತೆ ಗೋಡೆ ಹಿಡಿದು ಕೂತರು. "ನೋವೇ ಇಲ್ಲ ಮಾರಾಯ್ತಿ," ಎಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸುದ್ದಿ ತಿಳಿದ ತಮ್ಮ ಫೋನ್ ಮಾಡಿ, ಸುಣ್ಣ, ಅರಿಶಿನ ಕಲಸಿ ಹಚ್ಚಬೇಕೆಂದೂ ಅದರ ವಿಡಿಯೋ ಕಳಿಸುತ್ತೇನೆಂದೂ ಹೇಳಿದರು. "ನೀ ಮೊದ್ಲು ಫೋನಿಡು," ಎಂದರು ಅತ್ತೆ. ನಾವು ಕಾರವಾರಕ್ಕೆ ಹೊರಟೆವು.

ಡಾಕ್ಟರು ಗಾಯ ತೊಳೆದು ಕಟ್ಟಿದರು. "ನೋವಿಲ್ಲ ಅಂತ ಬಿಟ್ಟಿದ್ರೆ ಹುಣ್ಣು ಒಳಗೇ ಇಳೀತಿತ್ತು. ಹಾಗೆ ಬಿಟ್ಟು ಕಾಲು ಕಳ್ಕೊಂಡವರಿದ್ದಾರೆ." ಗಾಯ ಮಾಯಲು ಬಹಳ ದಿನ ಹಿಡಿಯಿತು. ಅಷ್ಟು ದಿನ ಮಂಚದ ಮೇಲಿಂದಲೇ ಮನೆ ಆಳಿದರು.

ಈಗ ಅವರು ಒಳಗೂ ಚಪ್ಪಲಿ ಹಾಕುತ್ತಾರೆ. ಉಳಿದವರೆಲ್ಲ ಹೊರಗೇ ಬಿಡಬೇಕು. ತೋಡೂರಿನ ನೆಂಟರೊಬ್ಬರು ಹುಬ್ಬೇರಿಸಿದ್ದಕ್ಕೆ, "ಇದು ಚಪ್ಲಿ ಅಲ್ಲ, ಔಷಧ," ಎಂದರು. ಸಂಜೆ ಕಾಲು ತೊಳೆದು, ಬೆರಳ ಸಂದಿಯೆಲ್ಲ ಒರೆಸಿಕೊಂಡು ನನ್ನ ಮುಂದೆ ಚಾಚುತ್ತಾರೆ. ನಾನಿಲ್ಲದ ದಿನ ಕೈಗನ್ನಡಿ.

"ಹಬ್ಬಕ್ಕೆ ಬಂದವ್ರೆಲ್ಲ ನನ್ನ ಕಾಲಿಗೆ ಬೀಳ್ತಾರೆ. ಒಬ್ರಾದ್ರೂ ಅಡಿ ನೋಡಿದ್ರಾ?" ಎಂದು ಮೊನ್ನೆ ಕೇಳಿದರು.

ನನಗೆ ನಗು ತಡೆಯಲಾಗಲಿಲ್ಲ.

"ನಗೂದು ಆಮೇಲೆ. ಎಡಗಾಲು ಸರಿ ನೋಡು," ಎಂದರು.